ಐದನೇ ಬಾಗಿನ

ಪದ್ಮನಾಭನಗರದಲ್ಲಿ ಕೊರೊನಾ ಪರೀಕ್ಷೆಗೆಂದು ಸಾಲಿನಲ್ಲಿ ನಿಂತಿದ್ದ ಗುಂಡಣ್ಣನಿಗೆ ಮುಂದಿನ ಮೇಜಿನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ನರ್ಸ್ ಎದುರಿಗೆ ವಯಸ್ಸಾದ ಹೆಂಗಸೊಬ್ಬರು ಕುಳಿತಿದ್ದರು.

“ಪಾಸಿಟಿವ್ ಬಂದಿದೆ ಆಂಟಿ. ಹದಿನೈದು ದಿನದಲ್ಲಿ ಯಾರ್ಯಾರ ಮನೆಗೆ ಹೋಗಿದ್ರಿ?”

“ಗೌರಿಹಬ್ಬ ಬಂತಲ್ಲಮ್ಮ, ಬಾಗಿನ ಕೊಡೋಕೆ ಐದು ಮನೆಗೆ ಹೋಗಿದ್ದೆ.”

“ಆಗ್ಲೇ ಕೆಮ್ಮಿತ್ತಾ?”

“ಸ್ವಲ್ಪ ಇತ್ತು. ಕಷಾಯ ಕುಡ್ಕೊಂಡೇ ಹೋದೆ. ವರ್ಷಾ ವರ್ಷಾ ಕೊಡೋದು, ಹೇಗೆ ತಪ್ಪಿಸ್ಲಿ?”

“ಹೆಸರು ಹೇಳಿ, ಎಲ್ರಿಗೂ ಟೆಸ್ಟ್ ಮಾಡ್ಬೇಕು.”

ಆಕೆ ನಾಲ್ಕೇ ಹೆಸರು ಹೇಳಿದರು.

“ಐದನೇ ಮನೆ?”

“ಪಕ್ಕದ್ಮನೆ ಸುರಭಿ. ಅವಳ ಗಂಡ ನಿನ್ನೆ ಹೋಗ್ಬಿಟ್ಟ. ದೀರ್ಘ ಸುಮಂಗಲಿಯಾಗಿ ಬಾಳು ಅಂತ ನಾನೇ ಕುಂಕುಮ ಇಟ್ಟು ಬಂದಿದ್ದೆ.”

ನರ್ಸ್ ಮೆಲ್ಲಗೆ ಕೇಳಿದಳು: “ಅವ್ರ ನಂಬರ್ ಇದ್ಯಾ?”

“ಇದೆ. ನೀನೇ ಫೋನ್ ಮಾಡಮ್ಮ. ನನ್ನ ಹೆಸರು ಮಾತ್ರ ಹೇಳ್ಬೇಡ.”

ಆಕೆ ಗೇಟು ದಾಟುವವರೆಗೂ ಗುಂಡಣ್ಣ ಮುಂದೆ ಸರಿಯಲಿಲ್ಲ.