ಉಳಿದ ಒಂದು ರಿಮ್ಮು

ಬಣ್ಣದಂಗಡಿಯ ಸರದಿ ಸಾಲಿನಲ್ಲಿ, ಮಷಿನ್ ಎಣ್ಣೆಗೆ ಬಂದಿದ್ದ ದರ್ಜಿಯ ಮುಂದೆ ಅಕ್ಕ, ತಮ್ಮ ನಿಂತಿದ್ದರು.

“ಮಾರಿದ ಕಾರಿಗೆ ಯಾಕಕ್ಕ ಬಣ್ಣ? ತಗೊಂಡೋರು ಹೊಡ್ಕೋತಾರೆ ಬಿಡು.”

“ನಿಮ್ಮ ಭಾವ ಮೂರು ಚಕ್ರದ ರಿಮ್ಮಿಗೆ ಹೊಡೆದಿದ್ರು. ಒಂದು ಉಳೀತು.”

“ನೀನು ಗೋಡೆಗೆ ಹೊಡೆದ್ರೆ ನೆಲಕ್ಕೇ ಜಾಸ್ತಿ ಬೀಳುತ್ತೆ.”

“ಬೀಳ್ಲಿ.”

“ಭಾವ ತೀರ್ಕೊಂಡು ತಿಂಗಳೂ ಆಗಿಲ್ಲ. ಸ್ವಲ್ಪ ಸುಧಾರಿಸ್ಕೋ.”

“ನಾಳೆ ಕಾರು ಒಯ್ತಾರೆ ಕಣೋ.”

ಸರದಿ ಬಂದಾಗ ಆಕೆ ಕಾರಿನ ರಿಮ್ಮಿಗೆಂದು ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ ಕೇಳಿದಳು. ಟೈರಿಗೆ ಬಣ್ಣ ತಾಗದಂತೆ ಅಂಟಿಸಲು ಟೇಪು ಬೇಕೇ ಎಂದ ಅಂಗಡಿಯವನು.

“ಬೇಡ. ಟೈರಿಗೆ ಪೇಪರ್ ಸುತ್ತಿ, ಟೇಪ್ ಅವರೇ ಅಂಟಿಸಿಟ್ಟಿದ್ದಾರೆ. ಹೊಡೆಯೋದಷ್ಟೇ ಬಾಕಿ.”

ತಮ್ಮ ಡಬ್ಬಿ ಎತ್ತಿಕೊಂಡ.

“ನಡಿ. ಡಬ್ಬಿ ನಾನು ಕುಲುಕಿ ಕೊಡ್ತೀನಿ,” ಎನ್ನುತ್ತಾ ಅಕ್ಕನ ಹಿಂದೆಯೇ ಮೆಟ್ಟಿಲಿಳಿದ.