ಹಸಿರು ಬಳಿದ ಪಂಪು

ಬಾಂಗ್ಲಾದೇಶದ ಚಾಂದ್‌ಪುರದಲ್ಲಿ, ನದಿಯ ಲಾಂಚ್ ಕಟ್ಟೆಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ನೀರಿನ ಸೀಸೆಗಳ ಪೆಟ್ಟಿಗೆ ಹಿಡಿದಿದ್ದವಳು ಹಳ್ಳಿಗಳ ಕೈಪಂಪುಗಳಲ್ಲಿ ಆರ್ಸೆನಿಕ್ ವಿಷ ಪರೀಕ್ಷಿಸುವ ವಿಜ್ಞಾನಿ. ಇನ್ನೊಬ್ಬಳು ವಯಸ್ಸಾದ ಮೊಮೆನಾ.

"ಖಾಲಾ, ಕುಡೀಬೇಡಿ ಅಂತ ನಿಮ್ಮ ಪಂಪಿಗೆ ನಾನೇ ಕೆಂಪು ಬಳಿಸಿದ್ದೆ. ಇವತ್ತು ನೋಡಿದ್ರೆ ಹಸಿರು!"

"ದೊಡ್ಡ ಮಗಳನ್ನ ನೋಡೋಕೆ ಗಂಡಿನವರು ಬರೋರಿದ್ರು ಆಪಾ. ಕೆಂಪು ಪಂಪಿನ ಮನೆ ಹುಡುಗೀನ ಯಾರು ತಗೋತಾರೆ? ಅಂಗೈ ಹಿಡಿದು ವಿಷದ ಚುಕ್ಕೆ ಹುಡುಕ್ತಾರೆ."

"ಮದುವೆ ಆಗಿ ವರ್ಷ ಆಯ್ತಲ್ಲ?"

"ಚಿಕ್ಕವಳು ಇನ್ನೂ ಮನೇಲೇ ಇದ್ದಾಳೆ."

"ಅಕ್ಕಪಕ್ಕದವರು ಏನೂ ಕೇಳ್ಲಿಲ್ವಾ?"

"ಕೇಳಿದ್ರು. ಆಪಾ ಮತ್ತೆ ಪರೀಕ್ಷೆ ಮಾಡಿದ್ರು, ನೀರು ಸರಿಹೋಗಿದೆ ಅಂದ್ರು ಅಂತ ಹೇಳಿದೆ."

"ನನ್ನ ಹೆಸರು ಹೇಳಿದ್ರಾ?"

"ಮತ್ತ್ಯಾರ ಹೆಸರು ಹೇಳ್ಲಿ? ನನ್ನ ಮಾತು ಯಾರು ನಂಬ್ತಾರೆ?"

"ಅಯ್ಯೋ, ಇಷ್ಟು ದಿನ ಮನೆಯವರೆಲ್ಲ ಆ ವಿಷಾನೇ ಕುಡಿದ್ರಾ?"

"ನಮಗೇನು ಹುಚ್ಚಾ ಆಪಾ? ಬೆಳಗಾಗೋ ಮುಂಚೆ ಮಸೀದಿ ಪಂಪಿಂದ ಹೊತ್ತು ತರ್ತೀವಿ."

"ಹಾಗಾದ್ರೆ ನಿಮ್ಮ ಪಂಪಿನ ನೀರು ಯಾರು ಕುಡೀತಾರೆ?"



"ನಿಮ್ಮನ್ನ ನಂಬಿದವರು."

"ನಾಳೇನೇ ಹೋಗಿ ಕೆಂಪು ಬಳೀತೀನಿ."

"ಈದ್ ಕಳೀಲಿ ಆಪಾ. ಶುಕ್ರವಾರ ಚಿಕ್ಕವಳನ್ನ ನೋಡೋಕೆ ಬರ್ತಾರೆ. ನಿಮಗೂ ಹೆಣ್ಣುಮಕ್ಕಳಿದ್ದಾರಲ್ಲ?"

ಲಾಂಚ್ ಕೂಗಿತು, ಸಾಲು ನುಗ್ಗಿತು. ಮೊಮೆನಾ ಪೆಟ್ಟಿಗೆಯ ಒಂದು ತುದಿ ಹಿಡಿದುಕೊಂಡು ಹಲಗೆ ಹತ್ತಿದಳು.

"ಹುಷಾರು ಆಪಾ, ಸೀಸೆ ಒಡೆದಾವು" ಎಂದಳು.