ಕರಿಯನ ಸಲುವಾಗಿ

ವಿದೇಶದ ಹ್ಯಾಮಿಲ್ಟನ್ ನಗರದ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಕಾತ್ಯಾಯಿನಿಗೆ ಕಿಟಕಿಯ ಬಿಸಿಲಿಗೆ ಜೊಂಪು ಹತ್ತಿತ್ತು. ಪಕ್ಕದಲ್ಲಿ ಕೂತ ತಾಯಿ-ಮಗಳ ಧಾರವಾಡದ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸಿತು.

"ಊರಿಗೆ ಹೋಗೂಕ್ಕಿಂತ ಮೊದಲ ರೇಬಿಸ್ ಇಂಜೆಕ್ಷನ್ ಬೇಕು, ಪ್ರಾಚಿ."

"ನೋ, ಮಮ್ಮಿ."

"ಹೋದ ಸಲ ಅಜ್ಜಿ ಮನಿ ನಾಯಿ ಪರಚಿದ್ದು ಯಾಕ ಮುಚ್ಚಿಟ್ಟಿ?"

"ಹೇಳಿದ್ರ ಮಾಮಾ ಕರಿಯನ್ನ ಹೊಡೀತಿದ್ರು."

"ಇಂಜೆಕ್ಷನ್ ತಗೊಂಡ್ರೂ, ನಾಯಿ ಕಚ್ಚಿದ್ರ, ಪರಚಿದ್ರ ಹೇಳಬೇಕು."

"ಹೊಡಿಯಂಗಿಲ್ಲ ಅಂತ ಮಾಮಾ ಪ್ರಾಮಿಸ್ ಮಾಡ್ಲಿ."

ತಾಯಿ ಧಾರವಾಡಕ್ಕೆ ಫೋನ್ ಹಚ್ಚಿ, ಅಣ್ಣನಿಗೆ ವಿಷಯ ಹೇಳಿ, ಮಗಳ ಕೈಗೆ ಕೊಟ್ಟಳು. ಅಷ್ಟರಲ್ಲಿ ನರ್ಸ್ ಹೆಸರು ಕೂಗಿದಳು. ಪ್ರಾಚಿ ತಾನೇ ತೋಳು ಮೇಲೇರಿಸಿಕೊಂಡು ಎದ್ದಳು.

"ಪ್ರಾಮಿಸ್ ಮಾಡಿದ್ರಲ್ಲಾ, ಥ್ಯಾಂಕ್ಯೂ ಮಾಮಾ. ನಾ ಇಲ್ಲಿ ಚುಚ್ಚಿಸ್ಕೋತೀನಿ, ನೀವು ಅಲ್ಲಿ ಕರಿಯಗ ಚುಚ್ಚಸ್ರಿ."

ಅವರ ಹಿಂದೆ ಬಾಗಿಲು ಮುಚ್ಚಿತು. ಕಾತ್ಯಾಯಿನಿಯ ಜೊಂಪಿನೊಳಗೆ, ಧಾರವಾಡದ ಯಾವುದೋ ಕಟ್ಟೆಯ ಮೇಲೆ, ಕರಿ ನಾಯಿಯೊಂದು ಸುಮ್ಮನೆ ಇಂಜೆಕ್ಷನ್ನಿಗೆ ಮುಂಗಾಲು ಚಾಚಿತು.